ಹಳಿ ಹೋದರೂ ಏರು ಉಳಿದಿದೆ

ಹಳೆಯ ರೈಲು ಹಳಿಯ ಜಾಡಿನಲ್ಲೇ ಸಾಗುವ ಪರೆನ್ಜಾನಾ ಸೈಕಲ್ ದಾರಿಗೆ ಹೊರಟವರು ಮೊದಲು ಟೈರ್ ನೋಡಿಕೊಳ್ಳಿ. ಇಟಲಿಯ ಟ್ರಿಯೆಸ್ಟೆಯಿಂದ ಕ್ರೊಯೇಷಿಯಾದ ಪೊರೆಚ್‌ವರೆಗೆ 123 ಕಿ.ಮೀ. ಇಟಲಿಯಲ್ಲಿ 13, ಸ್ಲೊವೇನಿಯಾದಲ್ಲಿ 32, ಉಳಿದ 78 ಕ್ರೊಯೇಷಿಯಾದಲ್ಲಿ. ಸ್ಲೊವೇನಿಯಾದ ಭಾಗ ಹೆಚ್ಚೂಕಮ್ಮಿ ಡಾಂಬರು, ಆರಾಮ. ಗಡಿ ದಾಟಿದ ಮೇಲೆ ಜಲ್ಲಿ ಶುರು. ಅಲ್ಲಿ ರೋಡ್ ಬೈಕಿನ ಸಪೂರ ಟೈರ್ ನಡೆಯುವುದಿಲ್ಲ, 40 ಮಿ.ಮೀ. ಆದರೂ ಬೇಕು. ಗಾಳಿ ಕಮ್ಮಿಯಾದರೆ ಚೂಪು ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಜಾಸ್ತಿಯಾದರೆ ಚಕ್ರ ಪುಟಿದು ಜಾರುತ್ತದೆ. ಎರಡು ಟ್ಯೂಬ್, ಪ್ಯಾಚ್, ಪಂಪ್ ಚೀಲದಲ್ಲಿರಲಿ.

ರೈಲಿನ ದಾರಿ ಅಂದರೆ ಸಪಾಟು ಅಂದುಕೊಳ್ಳಬೇಡಿ. ಹಳಿಗಳ ನಡುವೆ ಬರೀ 760 ಮಿ.ಮೀ. ಅಂತರದ ಪುಟ್ಟ ರೈಲು ಇದು, ಗುಡ್ಡ ಸುತ್ತಿಕೊಂಡೇ ಹತ್ತುತ್ತಿತ್ತು. ಕ್ರೊಯೇಷಿಯಾದ ಗ್ರೊಝ್ನಿಯಾನ್ ಊರಿನ ಹತ್ತಿರ 293 ಮೀಟರ್ ಎತ್ತರ. ಅಲ್ಲಿಂದ ಲಿವಾಡೆ ಕಣಿವೆಗೆ ಇಳಿದು, ವಿಝಿನಾಡಾ ಕಡೆಗೆ ಮತ್ತೆ ಹತ್ತಬೇಕು. ಕಡಿದಲ್ಲ, ಆದರೆ ಮುಗಿಯುವುದೇ ಇಲ್ಲ! ಸುರಂಗದ ದೀಪ ನಂಬದೆ ಹೆಡ್‌ಲೈಟ್ ಹಾಕಿ. ಬಿಸಿಲಿನಿಂದ ಒಳಹೊಕ್ಕ ಕಣ್ಣಿಗೆ ಮುಂದಿನ ಗುಂಡಿ ಕಾಣದು.

1902ರಲ್ಲಿ ಓಡಾಟ ಶುರುವಾದಾಗ ಇಷ್ಟೂ ದಾರಿ ಆಸ್ಟ್ರಿಯಾ-ಹಂಗರಿಯೊಳಗೇ ಇತ್ತು. 1935ರಲ್ಲಿ ರೈಲು ನಿಂತಿತು. ಆಮೇಲೆ ಗಡಿಗಳು ಎಷ್ಟು ಸಲ ಜಾಗ ಬದಲಿಸಿದವೋ, ತಿರುವುಗಳು ಮಾತ್ರ ಇದ್ದಲ್ಲೇ ಇವೆ.

2023ರಿಂದ ಕ್ರೊಯೇಷಿಯಾವೂ ಷೆಂಗನ್ (ನಡುವಿನ ಗಡಿಗಳಲ್ಲಿ ಸಾಮಾನ್ಯವಾಗಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಕೂಟ) ಒಳಗಿದೆ, ಮೂರೂ ದೇಶಕ್ಕೆ ಒಂದೇ ವೀಸಾ, ಒಂದೇ ಯೂರೋ. ಆದರೂ ಪಾಸ್‌ಪೋರ್ಟ್ ಕೈಗೆ ಸಿಗುವಂತಿರಲಿ, ಕೆಲವೊಮ್ಮೆ ತಪಾಸಣೆ ಇರುತ್ತದೆ.