ತಲೆ ಉರಿದ್ರೆ ಔಷಧಿ ಹತ್ತಿದೆ ಅಂತಲ್ಲ

ಕೂದಲು ಉದುರೋದಕ್ಕೆ ಮಿನಾಕ್ಸಿಡಿಲ್ ಹಚ್ಕೊಳ್ಳೋರು ನಮ್ಮ ತುಮಕೂರಲ್ಲೂ ಈಗ ಬೇಜಾನ್ ಜನ ಇದಾರೆ, ಯಾರೂ ಬಾಯಿಬಿಟ್ಟು ಹೇಳಲ್ಲ ಅಷ್ಟೆ. ಹೆಂಗಸರಂತೂ ಇನ್ನೂ ಹೇಳಲ್ಲ. ನಾನು ಹೇಳ್ತೀನಿ, ಯಾಕಂದ್ರೆ ಹೇಳದೇ ಇರೋದ್ರಿಂದಲೇ ಎಷ್ಟೋ ಜನ ತಲೆ ಉರಿ ಉರಿ ಅಂದ್ರೂ ಸುಮ್ನೆ ಸಹಿಸ್ಕೊಂಡು ಹಚ್ತಾನೇ ಇದಾರೆ.

ನನ್ನ ಬೈತಲೆ ಅಗಲ ಆಗ್ತಾ ಬಂದಿತ್ತು, ಚರ್ಮದ ಡಾಕ್ಟರ್ ನೋಡಿ 5% ದ್ರಾವಣ ಬರೆದುಕೊಟ್ರು. ಶುರುಲಿ ಏನೂ ಇಲ್ಲ. ಆಮೇಲೆ ಹಚ್ಚಿದ ಸ್ವಲ್ಪ ಹೊತ್ತಿಗೆಲ್ಲಾ ನೆತ್ತಿ ಚುರುಚುರು ಅನ್ನೋದು, ರಾತ್ರಿ ನಿದ್ದೇಲಿ ಕೆರ್ಕೊಳ್ಳೋದು, ಬೆಳಗ್ಗೆ ಕನ್ನಡಿ ಹಿಡಿದು ನೋಡಿದ್ರೆ ಬೈತಲೆ ಉದ್ದಕ್ಕೂ ಕೆಂಪು ಗೆರೆ, ಅದರ ಎರಡೂ ಕಡೆ ಚರ್ಮ ಪದರ ಪದರವಾಗಿ ಎದ್ದಿರೋದು. ಔಷಧಿ ಇಳಿದು ಬರ್ತಿದ್ದ ಕಿವಿ ಹಿಂದೇನೂ ಹಾಗೇ ಕೆಂಪು. ಆಫೀಸಲ್ಲಿ ಒಬ್ಬರು ಅಕ್ಕ ಹೇಳಿದ್ರು, "ಉರಿದ್ರೇನೇ ಬೇರಿಗೆ ಇಳಿದಿದೆ ಅಂತ ಕಣೇ, ತಡ್ಕೋ." ಅಮ್ಮ ತಿಪಟೂರು ಕಡೆಯವರು, ಅವರಿಗೆ ಎಲ್ಲದಕ್ಕೂ ಕೊಬ್ಬರಿ ಎಣ್ಣೆ, "ಉಷ್ಣ ಆಗಿದೆ, ಎಣ್ಣೆ ತಟ್ಟಿ ತಣ್ಣಗೆ ಮಾಡ್ಕೋ ಬಾರೇ" ಅಂತ. ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಚೀಟಿ ಏನೂ ಇಲ್ದೇನೇ ಒಂದು ಸ್ಟೀರಾಯ್ಡ್ ಟ್ಯೂಬ್ ಎತ್ತಿ ಕೈಗಿಟ್ಟರು.

ಮೂರೂ ಬೇಡ ಅಂತ ನಾನು ಖಂಡಿತವಾಗಿ ಹೇಳ್ತೀನಿ, ಅದರಲ್ಲೂ ಮೊದಲನೇದು.

ಮಿನಾಕ್ಸಿಡಿಲ್ ಕೆಲಸ ಮಾಡೋದು ಕೂದಲಿನ ಬುಡದಲ್ಲಿರೋ ಒಂದು ಕಿಣ್ವ ಅದನ್ನ ಮಿನಾಕ್ಸಿಡಿಲ್ ಸಲ್ಫೇಟ್ ಆಗಿ ಬದಲಾಯಿಸಿದಾಗ. ಆ ಕೆಲಸಕ್ಕೆ ಉರಿಯೂ ಬೇಕಿಲ್ಲ, ನವೆಯೂ ಬೇಕಿಲ್ಲ. ಒಂದಿಷ್ಟೂ ಉರಿ ಇಲ್ದೇ ಒಳ್ಳೆ ಕೂದಲು ಬಂದೋರು ಇದಾರೆ, ತಲೆಯೆಲ್ಲಾ ಕಿತ್ತೋದ್ರೂ ಏನೂ ಬರದೇ ಇರೋರೂ ಇದಾರೆ. ಇನ್ನೊಂದು ವಿಷಯ, ಇದು ಮೂಲತಃ ಬಿಪಿ ಮಾತ್ರೆ. 1979ರಲ್ಲಿ ಅಮೆರಿಕದಲ್ಲಿ ಬೇರೆ ಯಾವುದಕ್ಕೂ ಬಗ್ಗದ ಬಿಪಿಗೆ ಅಂತ ಒಪ್ಪಿಗೆ ಸಿಕ್ಕಿದ್ದು, ಅದನ್ನ ನುಂಗಿದೋರಿಗೆ ಮುಖ ಮೈಮೇಲೆಲ್ಲಾ ಕೂದಲು ಬಂದಿದ್ದು ನೋಡಿಯೇ ತಲೆಗೆ ಹಚ್ಚೋ ದ್ರಾವಣ ಮಾಡಿದ್ರು, ಅದಕ್ಕೆ 1988ರಲ್ಲಿ ಒಪ್ಪಿಗೆ ಸಿಕ್ತು. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, ಚೆನ್ನಾಗಿರೋ ಚರ್ಮದಿಂದ ರಕ್ತಕ್ಕೆ ಹೋಗೋದು ಸ್ವಲ್ಪವೇ, ಆದ್ರೆ ಕೆಂಪಾಗಿ ಒಡೆದಿರೋ ಚರ್ಮದಿಂದ ಜಾಸ್ತಿ ಹೋಗುತ್ತೆ. ಅದಕ್ಕೇ ಉರಿತಿರೋ ತಲೆಗೆ ಹಚ್ಬೇಡಿ ಅಂತ ಔಷಧಿ ಜೊತೆ ಬರೋ ಚೀಟಿಲೇ ಬರೆದಿರ್ತಾರೆ. ಎದೆ ಡವಡವ ಅನ್ನೋದು, ತಲೆ ಸುತ್ತು, ಎದೆನೋವು, ಮುಖನೋ ಕಾಲೋ ಊದ್ಕೊಳ್ಳೋದು, ಇಂಥದ್ದೇನಾದ್ರೂ ಆದ್ರೆ ಅವತ್ತೇ ನಿಲ್ಸಿ ಡಾಕ್ಟರ್ ಹತ್ರ ಹೋಗಿ, ನಾಳೆ ನೋಡೋಣ ಅನ್ಬೇಡಿ.

ಹಾಗಾದ್ರೆ ಉರಿಸೋದು ಏನು? ಬಹಳ ಸಲ ಮಿನಾಕ್ಸಿಡಿಲ್ ಅಲ್ಲವೇ ಅಲ್ಲ, ಅದನ್ನ ಕರಗಿಸಿರೋ ದ್ರಾವಣ. ಮಿನಾಕ್ಸಿಡಿಲ್ ಬರೀ ನೀರಲ್ಲಿ ಸರಿಯಾಗಿ ಕರಗಲ್ಲ, ಅದಕ್ಕೆ ಆಲ್ಕೋಹಾಲು, ಪ್ರೊಪಿಲೀನ್ ಗ್ಲೈಕಾಲ್ ಸೇರಿಸ್ತಾರೆ. ರೋಗೇನ್ ಅಂತ ಬಂದ ಮೂಲ ಔಷಧಿಯ 5% ಬಾಟಲಿಲಿ ಅರ್ಧ ಭಾಗ ಪ್ರೊಪಿಲೀನ್ ಗ್ಲೈಕಾಲೇ, 2% ಬಾಟಲಿಲಿ ಅದು 20% ಅಷ್ಟೆ, ಆದ್ರೆ ಆಲ್ಕೋಹಾಲು 60%. ಗ್ಲೈಕಾಲು ಕೆಲವರ ಚರ್ಮಕ್ಕೆ ಆಗಿಬರಲ್ಲ, ಆಲ್ಕೋಹಾಲು ಚರ್ಮ ಒಣಗಿಸುತ್ತೆ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ತಲೆ ತೊಳೆದು ಮೊದಲೇ ಚರ್ಮ ಬಿರುಸಾಗಿರುತ್ತೆ, ಬಕೆಟ್ ಅಂಚಲ್ಲಿ ಬಿಳಿ ಕರೆ ಕಟ್ಟಿರೋದು ನೋಡಿದ್ರೇ ಗೊತ್ತಾಗುತ್ತಲ್ವಾ ಆ ನೀರು ಎಂಥದ್ದು ಅಂತ, ಅದರ ಮೇಲೆ ಇದು ಬೇರೆ.

ನನ್ನ ಡಾಕ್ಟರು ಮೊದಲು ಮಾಡಿದ್ದು ಬಾಟಲಿ ನಿಲ್ಸಿದ್ದು. ನಿಲ್ಸಿದ್ರೆ ಬಂದಿರೋ ಕೂದಲೆಲ್ಲಾ ಹೋಗ್ಬಿಡುತ್ತೆ ಅಂತ ಜೀವ ಹೋದಂಗಾಗಿತ್ತು ನನಗೆ. ಹೋಗೋದು ನಿಜವೇ, ಆದ್ರೆ ಪೂರ್ತಿ ಬಿಟ್ಟು ಮೂರು ನಾಲ್ಕು ತಿಂಗಳಾದ್ಮೇಲೆ, ಚರ್ಮ ಆರೋವರೆಗೂ ಕೆಲವು ದಿನ ಬಿಟ್ಟಿದ್ದಕ್ಕಲ್ಲ. ಈ ಒಂದು ಮಾತು ಗೊತ್ತಿಲ್ದೇ ಹೆದರಿಕೊಂಡು ಹಚ್ತಾನೇ ಇರೋರನ್ನ ನೋಡಿದ್ರೆ ನನಗೆ ಹೊಟ್ಟೆ ಉರಿಯುತ್ತೆ.

ಚರ್ಮ ಆರಿದ ಮೇಲೆ ಮಿನಾಕ್ಸಿಡಿಲ್‌ದೇ ಫೋಮ್, ಅಂದ್ರೆ ನೊರೆ ರೂಪದ್ದು ಕೊಟ್ರು. ಇದು 2006ರಲ್ಲಿ ಅಮೆರಿಕದಲ್ಲಿ ಬಂದಿದ್ದು, ಇದರಲ್ಲಿ ಪ್ರೊಪಿಲೀನ್ ಗ್ಲೈಕಾಲ್ ಇಲ್ಲ. ಆದ್ರೆ ಎಲ್ಲಾ ಕಂಪನಿದೂ ಹಾಗೇ ಇರುತ್ತೆ ಅನ್ಕೋಬೇಡಿ, ಡಬ್ಬದ ಹಿಂದಿರೋ ಸಣ್ಣಕ್ಷರ ಓದಿ, ಕಾಣದಿದ್ರೆ ಮೊಬೈಲಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿ. ಬೆಚ್ಚಗಿನ ಕೈಗೆ ಫೋಮ್ ಹಾಕ್ಕೊಂಡ್ರೆ ತಲೆ ಮುಟ್ಟೋಷ್ಟರಲ್ಲಿ ನೀರಾಗಿ ಹೋಗುತ್ತೆ, ಕೈಯನ್ನ ತಣ್ಣೀರಲ್ಲಿ ತೊಳೆದು ಒರೆಸ್ಕೊಂಡು, ಬೈತಲೆ ಬಿಡಿಸಿ, ಕೂದಲಿಗಲ್ಲ, ಚರ್ಮಕ್ಕೆ ತಾಗೋ ಹಾಗೆ ಬೆರಳ ತುದಿಲಿ ಒತ್ತಬೇಕು. ನನಗೆ ಇದರಲ್ಲಿ ಉರಿ ಬರಲಿಲ್ಲ. ಎಲ್ಲರಿಗೂ ಹೀಗೇ ಆಗುತ್ತೆ ಅಂತಿಲ್ಲ, ಕೆಲವರಿಗೆ ಅಪರೂಪಕ್ಕೆ ಮಿನಾಕ್ಸಿಡಿಲ್‌ಗೇ ಅಲರ್ಜಿ ಇರುತ್ತೆ, ಅಂಥೋರಿಗೆ ಫೋಮ್ ಆದ್ರೇನು ಬಾಟಲಿ ಆದ್ರೇನು, ಎರಡೂ ಆಗಲ್ಲ. ಮಾತ್ರೆ ರೂಪದಲ್ಲಿ ಕಮ್ಮಿ ಡೋಸ್ ಕೊಡೋ ಡಾಕ್ಟರುಗಳು ಇದಾರೆ, ಆದ್ರೆ ಅದು ಬಿಪಿ ಮಾತ್ರೆ ಅನ್ನೋದು ನೆನಪಿರ್ಲಿ, ನೀವೇ ಅಂಗಡಿಲಿ ಕೇಳಿ ತಗೊಂಡು ನುಂಗ್ಬೇಡಿ. ಬಸುರಿಯರು, ಹಾಲುಣಿಸೋ ತಾಯಂದಿರು ಇದನ್ನ ಯಾವ ರೂಪದಲ್ಲೂ ಮುಟ್ಬಾರ್ದು.

ಹೊಟ್ಟು ಅನ್ಕೊಳ್ಳೋದರಲ್ಲೂ ಗೊಂದಲ ಇದೆ. ದ್ರಾವಣ ಒಣಗಿ ಕೂದಲ ಬುಡದಲ್ಲಿ ಬಿಳಿ ಪುಡಿ ಕೂತಿರುತ್ತೆ, ಅದು ಔಷಧಿದೇ, ತೊಳೆದ್ರೆ ಹೋಗುತ್ತೆ. ಜಿಡ್ಡಾದ ಹಳದಿ ಪೊರೆ, ಕೆಂಪು ಇದ್ರೆ ಅದು ಮೊದಲಿಂದ ಇದ್ದ ಹೊಟ್ಟಿನ ಕಾಯಿಲೆ ಇರ್ಬಹುದು, ಅದಕ್ಕೆ ಕೀಟೋಕೊನಜೋಲ್ ಶಾಂಪೂ ಕೊಡ್ತಾರೆ. ಅದರ ಮೇಲೆ ಎಣ್ಣೆ ತಟ್ಟಿದ್ರೆ ಜಾಸ್ತಿನೇ ಆಗುತ್ತೆ, ಅಮ್ಮನಿಗೆ ಇದನ್ನ ಒಪ್ಪಿಸೋಕೆ ಡಾಕ್ಟರೇ ಬಾಯಿಬಿಡಬೇಕಾಯ್ತು. ಈರುಳ್ಳಿ ರಸನೂ ಬೇಡ, ಒಡೆದ ಚರ್ಮಕ್ಕೆ ಅದು ಇನ್ನೊಂದು ಉರಿ. ಸ್ಟೀರಾಯ್ಡ್ ಟ್ಯೂಬ್ ಡಾಕ್ಟರ್ ಹೇಳಿದಷ್ಟು ದಿನ ಹಚ್ಚಿದ್ರೆ ಔಷಧಿನೇ, ನಾವೇ ತಿಂಗಳುಗಟ್ಟಲೆ ಹಚ್ಚಿದ್ರೆ ಚರ್ಮ ತೆಳ್ಳಗಾಗುತ್ತೆ.

ಗಾಡಿ ಓಡಿಸೋರಿಗೆ ಒಂದು ಮಾತು. ಬೆಳಗ್ಗೆ ಹಚ್ಚಿ ಹಸಿ ಇರೋವಾಗಲೇ ಹೆಲ್ಮೆಟ್ ಹಾಕ್ಕೊಂಡು ಬಿ.ಎಚ್. ರೋಡ್ ಟ್ರಾಫಿಕ್ಕಲ್ಲಿ ನಿಂತ್ರೆ ಬೆವರು, ಔಷಧಿ ಎಲ್ಲಾ ಸೇರಿ ಒಳಗೆ ಬೇಯುತ್ತೆ. ಪೂರ್ತಿ ಒಣಗಲಿ, ಆಮೇಲೆ ಹಾಕ್ಕೊಳ್ಳಿ, ಹೆಲ್ಮೆಟ್ ಮಾತ್ರ ಬಿಡ್ಬೇಡಿ. ಮನೇಲಿ ಬೆಕ್ಕಿದ್ರೆ ಇನ್ನೂ ಹುಷಾರು, ಮಿನಾಕ್ಸಿಡಿಲ್ ಸ್ವಲ್ಪ ನೆಕ್ಕಿದ್ರೂ ಬೆಕ್ಕಿನ ಜೀವಕ್ಕೇ ಅಪಾಯ, ಕೈ ತೊಳೀರಿ, ದಿಂಬಿನ ಕವರ್ ಬದಲಾಯಿಸ್ತಾ ಇರಿ.

ಫೋಮಲ್ಲೂ ಉರಿ ಬಂದ್ರೆ ಪ್ಯಾಚ್ ಟೆಸ್ಟ್ ಕೇಳಿ, ಅಂದ್ರೆ ಯಾವುದರಿಂದ ಅಲರ್ಜಿ ಅಂತ ಪತ್ತೆಹಚ್ಚೋ ಪರೀಕ್ಷೆ. ಬೆನ್ನಿಗೆ ಸಣ್ಣ ಸಣ್ಣ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ತೆಗೀತಾರೆ, ಮತ್ತೆ ಒಂದೆರಡು ದಿನಕ್ಕೆ ಇನ್ನೊಂದ್ಸಲ ನೋಡ್ತಾರೆ, ಅಲ್ಲಿವರೆಗೂ ಬೆನ್ನಿಗೆ ನೀರು ತಾಗಿಸ್ಬಾರ್ದು. ಹೋಗುವಾಗ ನೀವು ಹಚ್ತಿರೋ ಬಾಟಲಿ, ಅದರ ಡಬ್ಬ, ಶಾಂಪೂ, ಹೇರ್ ಡೈ, ಎಣ್ಣೆ, ಎಲ್ಲಾನೂ ಒಂದು ಕವರಲ್ಲಿ ಹಾಕ್ಕೊಂಡು ಹೋಗಿ, ಎಷ್ಟೋ ಸಲ ಮಿನಾಕ್ಸಿಡಿಲ್ ಮೇಲೆ ಅನುಮಾನ ಪಟ್ಟಿರ್ತೀವಿ, ಸಿಕ್ಕಿಬೀಳೋದು ಡೈ ಆಗಿರುತ್ತೆ.