ಗುಂಯ್ ಎನ್ನುವ ಫ್ಯಾನು

ಸ್ವಿಚ್ ಹಾಕಿದರೆ ಫ್ಯಾನು ಗುಂಯ್ ಎನ್ನುತ್ತಿತ್ತು, ತಿರುಗುತ್ತಿರಲಿಲ್ಲ. ಒಣ ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳಿದೆ, ಸೋಮಾರಿಯಂತೆ ಸುತ್ತತೊಡಗಿತು. ನನಗೆ ಅಷ್ಟು ಸಾಕಾಯಿತು: ಮೋಟಾರು ಸುಟ್ಟಿಲ್ಲ, ಅದು ತಿರುಗಲು ಮೊದಲ ನೂಕು ಕೊಡುವ ಪುಟ್ಟ ಬಿಡಿಭಾಗ, ಕೆಪಾಸಿಟರ್, ಕೈಕೊಟ್ಟಿದೆ. ಮನೆಯವರು ಆಗಲೇ ಹೊಸ ಫ್ಯಾನಿನ ಬಣ್ಣ ಆರಿಸುತ್ತಿದ್ದರು.

ಈ ಕೋಲಿನ ಪರೀಕ್ಷೆಯನ್ನು ಕಲಿಸಿದ್ದು ಅಪ್ಪ. ಮೇನ್ ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ ಉಳಿದಿರಬಹುದು, ಬರಿಗೈ ಹಾಕಬೇಡ ಎನ್ನುತ್ತಿದ್ದರು. ತಂತಿ ಬಿಚ್ಚುವ ಮೊದಲು ಯಾವುದು ಎಲ್ಲಿತ್ತೆಂದು ಚೀಟಿಯಲ್ಲಿ ಬರೆದುಕೋ ಎಂದೂ ಹೇಳುತ್ತಿದ್ದರು. ಚೀಟಿ ಬರೆಯದೆ ಒಮ್ಮೆ ರೇಡಿಯೋ ಬಿಚ್ಚಿದ್ದೆ. ಆ ಕಥೆ ಈಗ ಬೇಡ.

ಹಳೆಯ ಕೆಪಾಸಿಟರಿನ ಮೇಲೆ 2.5 ಮೈಕ್ರೋಫ್ಯಾರಡ್ ಎಂದಿತ್ತು. ಅದೇ ಅಳತೆಯದನ್ನು ತಂದು ಕೂರಿಸಿದೆ. ಹತ್ತು ನಿಮಿಷದ ಕೆಲಸಕ್ಕೆ ನನಗೆ ಒಂದು ಗಂಟೆ ಹಿಡಿಯಿತು.

ಫ್ಯಾನಿಗೆ ಸ್ಕ್ರೂ ಇದೆ, ಪುಣ್ಯ. ಅಂಟು ಹಾಕಿ ಮುಚ್ಚಿದ ಮೊಬೈಲಿನ ಮುಂದೆ ಅಪ್ಪನ ವಿದ್ಯೆಯೂ ನಡೆಯುತ್ತಿರಲಿಲ್ಲ. ರಿಪೇರಿ ಎಷ್ಟು ಸುಲಭವೆಂದು ಕೆಲವು ವಸ್ತುಗಳ ಮೇಲೆ ಹತ್ತಕ್ಕೆ ಅಂಕ ನಮೂದಿಸಬೇಕೆಂಬ ನಿಯಮವನ್ನು ಫ್ರಾನ್ಸ್ 2021ರಲ್ಲಿ ತಂದಿತು. ನನ್ನ ಫ್ಯಾನಿಗೆ ನಾನು ಒಂಬತ್ತು ಕೊಡುತ್ತೇನೆ. ಮುಚ್ಚಳದ ಸ್ಕ್ರೂ ತುಕ್ಕು ಹಿಡಿದು ಕಾಡಿದ್ದಕ್ಕೆ ಒಂದು ಕಡಿತ.