ಮೇ ತಿಂಗಳ ಬಿಸಲಾಗ ಕೀಲುಬ್ಯಾನಿ ಇಂಜೆಕ್ಷನ್ ಹಿಡ್ಕೊಂಡು ಕಲಬುರಗಿಯಿಂದ ಬೀದರಕ್ಕ

ಬೀದರದಾಗ ನಮ್ಮ ತಂಗಿ ಮಗಳ ಮದವಿ ಮೇ ತಿಂಗಳದಾಗ ಬಂತು, ನನ್ನ ಇಂಜೆಕ್ಷನ್ ದಿನಾನೂ ಬರೋಬ್ಬರಿ ಅಕ್ಷತಾ ದಿನಾನೇ ಬಂದಿತ್ತು. ನನಗ ರುಮಟಾಯ್ಡ್ ಆರ್ಥ್ರೈಟಿಸ್, ಅಂದ್ರ ಕೀಲು ಬಾತು ನೋಯೋ ಬ್ಯಾನಿ, ಆಗಿ ಆರು ವರ್ಷ ಆತು, ಅದಕ್ಕ ಎರಡು ವಾರಕ್ಕೊಮ್ಮೆ ಅಡಾಲಿಮುಮ್ಯಾಬ್ 40 ಮಿಲಿಗ್ರಾಂ ಸಿರಿಂಜ್ ತೊಗೊಳ್ತೀನಿ. ಅದನ್ನ ಫ್ರಿಜ್‌ನ್ಯಾಗ 2ರಿಂದ 8 ಡಿಗ್ರಿ ಒಳಗ ಇಡಬೇಕು. ಹೊರಗ 42 ಡಿಗ್ರಿ ಬಿಸಲು. ಈ ಸಲ ಮೂರು ದಿನ ಹೋಗಿ ಔಷಧ ಕೆಡಸದ ವಾಪಸ್ ಬಂದೀವಿ, ಅದಕ್ಕ ನಮ್ಮ ಭಾಗದಾಗ ಇಂಥಾ ಇಂಜೆಕ್ಷನ್ ಹಿಡ್ಕೊಂಡು ಅಡ್ಡಾಡೋರಿಗೆ ಉಪಯೋಗ ಆಗ್ಲಿ ಅಂತ ಎಲ್ಲಾ ಬರೀಲಿಕತ್ತೀನಿ.

ಮೊದಲ ಹಿಂದಿನ ತಪ್ಪು ಹೇಳ್ತೀನಿ, ಯಾಕಂದ್ರ ಅದರಿಂದನೇ ನಾ ಕಲ್ತದ್ದು. ಎರಡು ವರ್ಷದ ಹಿಂದ ಇದೇ ದಾರಿ ಬಸ್ಸಿನ್ಯಾಗ ಹೋಗಿದ್ದೆ. ಬಿಸಲಿಗೆ ಔಷಧ ಕೆಡ್ತದ ಅಂತ ಹೆದರಿಕೊಂಡು ಫ್ರೀಜರ್‌ದಾಗಿಂದ ಕಲ್ಲಾದ ಜೆಲ್ ಪ್ಯಾಕ್ ತಗದು ಅದರ ನಡುವ ಸಿರಿಂಜ್ ಡಬ್ಬಿ ಇಟ್ಟು ಗಟ್ಟಿ ಕಟ್ಟಿದ್ದೆ, ಬೀದರಕ್ಕ ಹೋಗಿ ತಗದು ನೋಡಿದ್ರ ಸಿರಿಂಜ್ ಒಳಗ ಔಷಧ ಹೆಪ್ಪುಗಟ್ಟಿತ್ತು. ಸ್ವಲ್ಪ ಹೊತ್ತಿಗೆ ಕರಗಿ ನೀರಿನಂಗ ಸ್ವಚ್ಛ ಕಾಣಸ್ತು, ಏನೂ ಆಗಿಲ್ಲ ಅನ್ನಂಗ. ಡಾಕ್ಟರಿಗೆ ಫೋನ್ ಹಚ್ಚಿದ್ರ ಬ್ಯಾಡ, ಚೆಲ್ಲಿಬಿಡ್ರಿ ಅಂದ್ರು. ಒಳಗಿರೋದು ಪ್ರೋಟೀನ್, ಒಮ್ಮಿ ಹೆಪ್ಪುಗಟ್ಟಿತಂದ್ರ ಕರಗಿದ ಮ್ಯಾಲ ಕಣ್ಣಿಗೆ ಚಂದ ಕಂಡ್ರೂ ಬಳಸಬಾರದು. ಅವತ್ತಿನ ಡೋಸ್ ತಪ್ಪಿ ಮುಂದಿನ ವಾರ ಬೆರಳೆಲ್ಲಾ ಬಾತು ರೊಟ್ಟಿ ಬಡೀಲಿಕ್ಕ ಆಗ್ಲಿಲ್ಲ, ಕುಕ್ಕರ್ ಮುಚ್ಚಳಾನೂ ಮಗಳೇ ತಗೀಬೇಕಾತು. ರೊಕ್ಕ ಹೋದದ್ದಕ್ಕಿಂತ ಅದು ಭಾಳ ನೋವಾತು.

ಹಂಗಾಗಿ ನನ್ನ ಮಾತು ಇಷ್ಟೇ, ನಾವು ಈ ಕಡಿ ಮಂದಿ ಬಿಸಲಿಗೆ ಹೆದರ್ತೀವಿ, ಐಸಿಗೆ ಹೆದರಂಗಿಲ್ಲ. ಐಸಿಗೇ ಜಾಸ್ತಿ ಹೆದರಬೇಕು.

ಸರಿಯಾದ ಪದ್ಧತಿ ನನಗ ಹೇಳಿಕೊಟ್ಟಾಕಿ ನಮ್ಮ ಓಣಿ ನರ್ಸ್ ಅಕ್ಕ, ಮಕ್ಕಳ ಲಸಿಕಿ ಡಬ್ಬಿ ಹೆಗಲಿಗೆ ಹಾಕ್ಕೊಂಡು ಹಳ್ಳಿ ತಿರಗಿದಾಕಿ. ಐಸ್ ಪ್ಯಾಕ್ ಫ್ರೀಜರ್‌ದಿಂದ ತಗದ ಕೂಡ್ಲೇ ಔಷಧ ಒಯ್ಯೋ ತಂಪಿನ ಬ್ಯಾಗಿಗೆ ಹಾಕಬಾರದಂತ. ಹೊರಗ ಇಟ್ಟು ಮ್ಯಾಲ ಬೆವರು ಬರೋ ತನಕ ಬಿಡಬೇಕು, ಆಮ್ಯಾಲ ಕಿವಿ ಹತ್ರ ಹಿಡ್ದು ಅಲ್ಲಾಡಸಬೇಕು, ಒಳಗ ನೀರಿನ ಸಪ್ಪಳ ಕೇಳಿಸಿದ್ರ ಆವಾಗ ಹಾಕಬೇಕು. ಇದು ನೀರು ತುಂಬಿದ ಪ್ಯಾಕಿಗೆ. ಜೆಲ್ ಪ್ಯಾಕ್ ಇದ್ರ ಸಪ್ಪಳ ಬರಂಗಿಲ್ಲ, ಹಿಚಕಿ ನೋಡ್ರಿ, ಅಂಚು ಮೆತ್ತಗಾಗಿರಬೇಕು. ಅಷ್ಟಾದ ಮ್ಯಾಲೂ ಔಷಧದ ಡಬ್ಬಿಗೆ ಪ್ಯಾಕ್ ತಾಕಬಾರದು, ನಾ ನಡುವ ಹಳಿ ಟವೆಲ್ ಮಡಚಿ ಇಡ್ತೀನಿ. ಸಿರಿಂಜ್ ಅದರ ರಟ್ಟಿನ ಡಬ್ಬಿಯೊಳಗೇ ಇರ್ಲಿ, ಬೆಳಕು ತಾಕಬಾರದು, ಬ್ಯಾಚ್ ನಂಬರ್ ಎಕ್ಸ್‌ಪೈರಿ ಎಲ್ಲಾ ಅದರ ಮ್ಯಾಲೇ ಇರ್ತಾವ.

ಹೋಗೋ ವಾರ ಮೊದಲ ಮನ್ಯಾಗ ಟ್ರೈ ಮಾಡಿ ನೋಡ್ರಿ, ಇದನ್ನ ಬಿಡಬ್ಯಾಡ್ರಿ. ಆ ಬ್ಯಾಗಿನ್ಯಾಗ ಔಷಧದ ಖಾಲಿ ಡಬ್ಬಿ ಜೊತಿ ಒಂದು ಸಣ್ಣ ಡಿಜಿಟಲ್ ಥರ್ಮಾಮೀಟರ್ ಇಟ್ಟು ಬ್ಯಾಗ್ ಮುಚ್ಚಿ ತಾಸಿಗೊಮ್ಮೆ ನೋಡಿದೆ. ಎರಡು ಪ್ಯಾಕಿಗೆ ಮನ್ಯಾಗ ಒಂಬತ್ತು ತಾಸು 8 ಡಿಗ್ರಿ ಒಳಗ ಇತ್ತು, ಬಿಸಲಾಗ ನಿಂತ ಕಾರಿನ್ಯಾಗ ಆರು ತಾಸು ಸೈತ ಆಗ್ಲಿಲ್ಲ. ನಿಮ್ಮ ಬ್ಯಾಗ್ ಬ್ಯಾರೆ ಲೆಕ್ಕ ಕೊಡಬಹುದು.

ಇನ್ನೊಂದು, ಈ ಔಷಧದ ಡಬ್ಬಿಯೊಳಗಿನ ಚೀಟಿದಾಗ ಬೇಕಾದ್ರ ರೂಮ್ ಟೆಂಪರೇಚರ್‌ದಾಗ 25 ಡಿಗ್ರಿ ಒಳಗ 14 ದಿನದ ತನಕ ಇಡಬಹುದು ಅಂತ ಬರ್ದಿರ್ತದ, ಅದನ್ನ ಓದಿ ಭಾಳ ಮಂದಿ ಹೊರಗಿಟ್ರೂ ನಡೀತದ ಅನ್ಕೋತಾರ. ಮೇ ತಿಂಗಳದಾಗ ಕಲಬುರಗಿ ರೂಮ್ 25 ಡಿಗ್ರಿ ಎಲ್ಲಿರ್ತದ್ರೀ, ಫ್ಯಾನ್ ಕೆಳಗ ಕೂತ್ರೂ 35 ಮ್ಯಾಲೇ ಇರ್ತದ. ಒಮ್ಮಿ ಹಂಗ ಹೊರಗ ಇಟ್ಟದ್ದನ್ನ 14 ದಿನದೊಳಗ ಬಳಸಬೇಕು, ಇಲ್ಲಂದ್ರ ಚೆಲ್ಲಬೇಕು, ಅದಕ್ಕ ತಗದ ತಾರೀಖು ಡಬ್ಬಿ ಮ್ಯಾಲ ಬರೀರಿ. ಬ್ಯಾರೆ ಇಂಜೆಕ್ಷನ್‌ಗೆ ಬ್ಯಾರೆ ಲೆಕ್ಕ, ನಿಮ್ಮ ಔಷಧದ ಚೀಟಿ ನೋಡ್ರಿ, ನಂದು ನೋಡಿ ಮಾಡಬ್ಯಾಡ್ರಿ.

ಹೋಗೋ ದಿನ ಮುಂಜಾನಿ ಐದಕ್ಕ ಕಾರ್ ಬಿಟ್ವಿ. ರೈಲೂ ಅದ, 2017ರಾಗ ಬೀದರ ಲೈನ್ ಶುರು ಆದ ಮ್ಯಾಲ ಅನುಕೂಲ ಆಗ್ಯಾದ, ಆದ್ರ ನಮ್ಮ ಟೈಮಿಗೆ ಹೊಂದಲಿಲ್ಲ. ಕಮಲಾಪುರ, ಹುಮನಾಬಾದ ಮ್ಯಾಲಿಂದ ಮೂರು ತಾಸಿನೊಳಗ ಮುಟ್ಟಿದ್ವಿ. ಕಮಲಾಪುರದಾಗ ಕೆಂಪು ಬಾಳಿಹಣ್ಣು ತೊಗೊಳ್ಳಿಕ್ಕ ಇಳಿದಾಗ ಬ್ಯಾಗ್ ಕೈಯಾಗೇ ಹಿಡ್ಕೊಂಡಿದ್ದೆ, ನಮ್ಮ ಮನಿಯವರು ಹತ್ತು ನಿಮಿಷ ಅಲ್ಲ ಕಾರಿನ್ಯಾಗೇ ಇರ್ಲಿ ಅಂದ್ರೂ ಬಿಡಲಿಲ್ಲ. ಮುಚ್ಚಿದ ಕಾರ್ ಹತ್ತು ನಿಮಿಷಕ್ಕ ಒಲಿ ಆಗ್ತದ. ಡಿಕ್ಕಿದಾಗಂತೂ ಇಡಲೇಬ್ಯಾಡ್ರಿ. ವಿಮಾನದಾಗ ಹೋಗೋರು ಚೆಕ್ ಇನ್ ಲಗೇಜಿಗೆ ಹಾಕಬ್ಯಾಡ್ರಿ, ಅಲ್ಲಿ ಹೆಪ್ಪುಗಟ್ಟೋ ಭಯ ಇರ್ತದ, ಕೈ ಬ್ಯಾಗದಾಗ ಇಡ್ರಿ, ಡಾಕ್ಟರ್ ಬರಕೊಟ್ಟ ಚೀಟಿ ಜೊತಿಗೆ ಇರ್ಲಿ.

ಲಾಡ್ಜ್ ಬುಕ್ ಮಾಡೋ ಮೊದಲ ಫೋನ್ ಮಾಡಿ ಎರಡು ಪ್ರಶ್ನೆ ಕೇಳ್ರಿ. ರೂಮಿನ್ಯಾಗ ಫ್ರಿಜ್ ಅದನೋ, ಕೀ ಕಾರ್ಡ್ ತಗದ್ರ ಫ್ರಿಜ್‌ನ ಕರೆಂಟೂ ಹೋಗ್ತದೋ. ನಮ್ಮ ಲಾಡ್ಜದಾಗ ಹೋಗ್ತಿತ್ತು! ಮದವಿ ಮನಿಗೆ ಹೋಗೋ ಮುಂದ ಗೊತ್ತಾತು, ಮ್ಯಾನೇಜರ್ ಇನ್ನೊಂದು ಕಾರ್ಡ್ ಕೊಟ್ಟು ಅದನ್ನ ಅಲ್ಲೇ ಸಿಕ್ಕಿಸಿಡಿಸಿದ, ಪುಣ್ಯಾತ್ಮ. ಸಣ್ಣ ಫ್ರಿಜ್‌ನ್ಯಾಗ ಮ್ಯಾಲಿನ ಬರ್ಫದ ಪೆಟ್ಟಿಗೆ ಹತ್ರ, ಹಿಂದಿನ ಗ್ವಾಡಿಗೆ ತಾಕಿಸಿ ಇಡಬಾರದು, ಅಲ್ಲಿ ಹೆಪ್ಪುಗಟ್ತದ. ನಡುವಿನ ಕಪಾಟಿನ್ಯಾಗ ಥರ್ಮಾಮೀಟರ್ ಜೊತಿ ಇಟ್ಟೆ, 5 ತೋರಸ್ತಿತ್ತು. ಮದವಿ ಮನಿ ಫ್ರಿಜ್‌ನ್ಯಾಗ ಇಡು ಅಂತ ತಂಗಿ ಭಾಳ ಹೇಳಿದ್ಳು, ನಾ ಒಪ್ಪಲಿಲ್ಲ, ಮದವಿ ಮನಿ ಫ್ರಿಜ್ ದಿನಾ ನೂರು ಸಲ ತಗದು ಮುಚ್ಚತಾರ.

ಅಕ್ಷತಾ ದಿನ ನಸುಕಿನ್ಯಾಗ ಸಿರಿಂಜ್ ತಗದು ಅರ್ಧ ತಾಸು ಹೊರಗಿಟ್ಟೆ, ಹಂಗ ಮಾಡಿದ್ರ ಚುಚ್ಚಿದಾಗ ಉರಿ ಕಡಿಮಿ. ಬಿಸಿ ನೀರಾಗ, ಬಿಸಲಾಗ ಇಟ್ಟು ಬಿಸಿ ಮಾಡಬಾರದು. ಔಷಧ ಕಲಕಾಗಿದ್ರ, ಒಳಗ ಕಣ ಕಂಡ್ರ ಬ್ಯಾಡ. ತೊಡಿಗೆ ತೊಗೊಂಡೆ, ಹೋದ ಸಲ ಎಡಕ್ಕ ಇತ್ತು, ಈ ಸಲ ಬಲಕ್ಕ. ಜ್ವರ, ಕೆಮ್ಮು, ಗಾಯ ಕೀವು ಏನರೆ ಇದ್ರ ಮೊದಲ ಡಾಕ್ಟರಿಗೆ ಕೇಳ್ರಿ, ಈ ಔಷಧ ಸೋಂಕು ತಡಿಯೋ ಶಕ್ತಿ ಕಡಿಮಿ ಮಾಡ್ತದ.

ಅದೇ ಕಾರಣಕ್ಕ ಬೀದರದ ಝರಣಿ ನರಸಿಂಹನ ಗುಹಾದಾಗ ನಾ ಇಳೀಲಿಲ್ಲ. ಎದಿ ಮಟ್ಟ ನೀರು, ಮಂದಿ ಭಾಳ, ಚುಚ್ಚಿದ್ದು ಅವತ್ತೇ. ಹೊರಗ ನಿಂತು ಕೈ ಮುಗದೆ, ಮನಸ್ಸಿಗೆ ಸ್ವಲ್ಪ ಕಸಿವಿಸಿ ಆತು. ಮರುದಿನ ಮುಂಜಾನಿ ಕೋಟೆ ನೋಡಿದ್ವಿ, ಒಳಗ ನಡಿಯೋದು ಭಾಳ ಅದ, ಮೊಳಕಾಲು ಹಿಡಿಯೋರು ರಂಗೀನ ಮಹಲ್ ಅಷ್ಟು ನೋಡಿದ್ರ ಸಾಕು. 1472ರ ಮಹಮೂದ್ ಗವಾನ್ ಮದರಸಾ ಊರೊಳಗೇ ಅದ, ಅಲ್ಲಿ ಅಷ್ಟು ನಡಿಯೋದಿಲ್ಲ. ಗುರುದ್ವಾರದಾಗ ಊಟದ ಪಂಕ್ತಿ ನೆಲದ ಮ್ಯಾಲ ಇರ್ತದ, ಕೂತು ಏಳೋದು ಕಷ್ಟ ಅಂದ್ರ ಸೇವಾ ಮಾಡೋರಿಗೆ ಮೊದಲೇ ಹೇಳ್ರಿ.

ಬಳಸಿದ ಸಿರಿಂಜ್ ಲಾಡ್ಜಿನ ಕಸದ ಬುಟ್ಟಿಗೆ ಹಾಕಬ್ಯಾಡ್ರಿ, ರೂಮ್ ಸ್ವಚ್ಛ ಮಾಡೋ ಹುಡುಗರ ಕೈಗೆ ಚುಚ್ತದ. ನಾ ಗಟ್ಟಿ ಪ್ಲಾಸ್ಟಿಕ್ ಡಬ್ಬಿದಾಗ ಹಾಕಿ ಮುಚ್ಚಳಕ್ಕ ಟೇಪ್ ಹಚ್ಚಿ ಕಲಬುರಗಿಗೆ ತಂದೆ, ಮುಂದಿನ ಸಲ ತೋರಿಸಲಿಕ್ಕ ಹೋದಾಗ ದವಾಖಾನಿಯವರಿಗೆ ಕೊಟ್ಟೆ.